ಬಾಳೆನಾರಿನ ಗಂಟು

ಮೇ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಮಂಗಳೂರಿನ ಮನೆಗಳಲ್ಲಿ ಒಂದು ಗಡಿಬಿಡಿ. ಹಲಸಿನ ಹಪ್ಪಳ ಒಣಗಿ ಡಬ್ಬಕ್ಕೆ ಸೇರಬೇಕು, ಮೆಣಸಿಗೆ ಇನ್ನೊಂದು ಬಿಸಿಲು ಆಗಬೇಕು, ಹೊದಿಕೆಗಳನ್ನು ತೊಳೆದು ಒಳಗಿಡಬೇಕು. ಕಪಾಟು ಖಾಲಿ ಮಾಡಿ ಬಟ್ಟೆಗಳಿಗೆಲ್ಲ ಒಮ್ಮೆ ಬಿಸಿಲು ತೋರಿಸಿಬಿಟ್ಟರೆ ಅರ್ಧ ಜೀವ ಬಂದಂತೆ. ಜೂನ್‌ನಲ್ಲಿ ಹಿಡಿದ ಮಳೆ ಸಪ್ಟೆಂಬರ್‌ವರೆಗೆ ಬಿಡುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರು ಇದು. ಮಡಚಿಟ್ಟ ಬಿಳಿ ಬಟ್ಟೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕಿ ಬಿದ್ದರೆ ಆಮೇಲೆ ಯಾವ ಸಾಬೂನಿಗೂ ಅದು ಜಗ್ಗುವುದಿಲ್ಲ.

ಈ ಸಲ ಕಪಾಟಿನ ತಳದಿಂದ ಅಪ್ಪನ ಡಬಲ್ ವೇಷ್ಟಿ ಹೊರಗೆ ಬಂತು. ಹತ್ತಿಯದು, ಬೆರಳಗಲದ ಹಸಿರು ಕರೆಯದು. ಒಂದು ಹಬ್ಬದ ದಿನ ಅದನ್ನೇ ಉಟ್ಟುಕೊಂಡು, ಬಾಗಿ ನಿಂತ ಬಾಳೆಗೊನೆಯನ್ನು ಕಡಿಯಲು ಹೋಗಿದ್ದರು. ಗೊನೆ ಬಂತು, ಜೊತೆಗೆ ವೇಷ್ಟಿಯ ತುಂಬ ಬಾಳೆಯ ರಸವೂ ಬಂತು. ಆಗ ನೀರಿನ ಹಾಗೆ ಕಂಡದ್ದು ಸಂಜೆಯೊಳಗೆ ಕಂದು ಬಣ್ಣಕ್ಕೆ ತಿರುಗಿತ್ತು. ಅಮ್ಮ ಲಿಂಬೆ ಹುಳಿ ತಿಕ್ಕಿದರು, ಮಜ್ಜಿಗೆಯಲ್ಲಿ ನೆನೆಸಿದರು. ಕಲೆ ಕೂತದ್ದು ಕೂತೇಬಿಟ್ಟಿತು. ಮನೆಯಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ನೆಲ ಒರೆಸಲಿಕ್ಕೆ ಆಗ್ತದೆ ಅಂತ. ನನಗೆ ಮನಸ್ಸು ಬರಲಿಲ್ಲ. ಅಪ್ಪ ಉಟ್ಟ ವೇಷ್ಟಿಯಲ್ಲಿ ನೆಲ ಒರೆಸುವುದು ಹೇಗೆ?

ಅಂಗಳದಲ್ಲಿ ಅದನ್ನು ಹಿಡಿದು ನಿಂತಿದ್ದೆ. ಮುರಕಲ್ಲಿನ ಕಂಪೌಂಡಿನ ಆಚೆ ಬದಿಯಲ್ಲಿ ಆಚೆಮನೆ ಅಕ್ಕ ಮಲ್ಲಿಗೆ ಕಟ್ಟುತ್ತಾ ಕೂತಿದ್ದರು. ತಾರಸಿಯ ಮೇಲೆ ಚಟ್ಟಿಗಳಲ್ಲಿ ಮಲ್ಲಿಗೆ ಗಿಡ ಇಟ್ಟಿದ್ದಾರೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ನೆನೆಸಿದ ಬಾಳೆನಾರಿನಲ್ಲಿ ಕಟ್ಟಿ ಚೆಂಡು ಮಾಡಿ ಹೂವಿನ ಅಂಗಡಿಗೆ ಕೊಡುತ್ತಾರೆ. ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಾತಾಡುವಾಗ ಅವರ ಕಣ್ಣು ನಮ್ಮ ಮುಖದ ಮೇಲೆ, ಕೈ ಮಾತ್ರ ತನ್ನಷ್ಟಕ್ಕೆ ಗಂಟು ಹಾಕುತ್ತಾ ಹೋಗುತ್ತದೆ.

“ಎಂತ ಟೀಚರೆ, ವೇಷ್ಟಿ ಹಿಡ್ಕೊಂಡು ನಿಂತಿದ್ದೀರಿ?”

“ಅಪ್ಪಂದು ಅಕ್ಕ. ಬಾಳೆ ಕಲೆ.”

“ಅದು ಹೋಗುದಿಲ್ಲ. ಗೇರುಹಣ್ಣಿನ ಕಲೆಯಾದ್ರೆ ಬರುವ ವರ್ಷದ ಗೇರುಹಣ್ಣಿನ ಸಮಯಕ್ಕಾದ್ರೂ ಹೋಗ್ತದೆ ಅಂತ ನಮ್ಮ ಅಮ್ಮ ಹೇಳ್ತಿದ್ರು. ಬಾಳೆದ್ದು ಹಾಗಲ್ಲ.”

“ಬಣ್ಣ ಹಾಕುವ ಅಂತ ಉಂಟು. ಗಂಟು ಕಟ್ಟಿ ಮುಳುಗಿಸುದು. ಟೈ ಆಂಡ್ ಡೈ ಅಂತಾರಲ್ಲ, ಅದು.”

ಅಕ್ಕ ಕೈ ನಿಲ್ಲಿಸಿದರು. “ಗಂಟು ಕಟ್ಟುದಾದ್ರೆ ಈಚೆ ಕೊಡಿ. ನಾನು ಇಡೀ ದಿನ ಮಾಡುದು ಎಂತದು ಮತ್ತೆ?”

ಮಾತು ಶುರುವಾದದ್ದು ಹೀಗೆ.

ನನ್ನ ಮೊದಲ ಪ್ರಯತ್ನದ ಕಥೆಯನ್ನು ಅಕ್ಕನಿಗೆ ಹೇಳಿದೆ. ಹೋದ ವರ್ಷ ಮಗನ ಕಾಲೇಜು ಕಾಲದ ಬಿಳಿ ಶರ್ಟುಗಳು ನಾಲ್ಕು ಇದ್ದವು. ಪೊಟ್ಟಣದ ಬಣ್ಣ ತಂದು, ರಬ್ಬರ್ ಬ್ಯಾಂಡ್ ಬಿಗಿದು, ರಾತ್ರಿಯಿಡೀ ನೆನೆಸಿಟ್ಟೆ. ಬೆಳಿಗ್ಗೆ ತೊಳೆಯುವಾಗ ಬಣ್ಣವೆಲ್ಲ ನೀರಿನಲ್ಲಿ ಹರಿದು ಹೋಯಿತು. ಶರ್ಟಿನಲ್ಲಿ ಉಳಿದದ್ದು ಕೈಗೆ ಮೆತ್ತಿದ ಮದರಂಗಿ ವಾರದ ಮೇಲೆ ಉಳಿಯುತ್ತದಲ್ಲ, ಅಷ್ಟು. ಬಣ್ಣದ ಮೇಲೆ ತಪ್ಪು ಹೊರಿಸಿ ಪ್ರಯೋಜನ ಇಲ್ಲ. ಆ ಶರ್ಟುಗಳು ಟೆರಿಕಾಟ್. ಹತ್ತಿಯ ಎಳೆ ನೀರು ಕುಡಿಯುತ್ತದೆ, ನೀರಿನ ಜೊತೆಗೆ ಬಣ್ಣವನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ಪಾಲಿಯೆಸ್ಟರ್ ಎಳೆ ಕೆಸುವಿನ ಎಲೆಯ ಹಾಗೆ, ನೀರು ಮೇಲೆಯೇ ಜಾರುತ್ತದೆ. ಬಣ್ಣ ಕುಡಿದದ್ದು ಅದರಲ್ಲಿದ್ದ ಹತ್ತಿಯ ಪಾಲು ಮಾತ್ರ.

ಅಂದಿನಿಂದ ನಾನು ಬಟ್ಟೆಯನ್ನು ಬಣ್ಣಕ್ಕೆ ಹಾಕುವ ಮೊದಲು ಅಂಚಿನಿಂದ ಒಂದು ಎಳೆ ಕೀಳುತ್ತೇನೆ. ದೀಪಕ್ಕೆ ಹಿಡಿದರೆ ಗೊತ್ತಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಮೆತ್ತಗಿನ ಬೂದಿ. ಪಾಲಿಯೆಸ್ಟರ್ ಆದರೆ ಕರಗಿ ಮುದುಡಿ, ತುದಿಯಲ್ಲಿ ಗಟ್ಟಿ ಕಪ್ಪು ಮಣಿ ಕಟ್ಟುತ್ತದೆ. ಇನ್ನೊಂದು ಸಂಗತಿ ನನಗೆ ಕಣ್ಣಾರೆ ಕಂಡ ಮೇಲೆಯೇ ತಿಳಿದದ್ದು. ಅಪ್ಪಟ ಹತ್ತಿಯ ಹಳೆಯ ಕುರ್ತಾ ಒಂದನ್ನು ನೀಲಿ ಮಾಡಿದೆ. ಬಟ್ಟೆ ಚೆನ್ನಾಗಿ ನೀಲಿಯಾಯಿತು. ಹೊಲಿಗೆಯ ನೂಲು ಮಾತ್ರ ಬೆಳ್ಳಗೆ ಉಳಿಯಿತು. ಹೆಗಲು, ಕಂಕುಳು, ತೋಳಿನ ಅಂಚು, ಟೈಲರನ ಕೈ ಓಡಿದ ಕಡೆಯಲ್ಲೆಲ್ಲ ನೀಲಿಯ ಮೇಲೆ ಬಿಳಿ ಗೆರೆ. ಈಗಿನ ಹೊಲಿಗೆ ನೂಲು ಹೆಚ್ಚಿನದು ಪಾಲಿಯೆಸ್ಟರ್. ಮಗಳು ಅದನ್ನು ನೋಡಿ, ಬೇಕೆಂದೇ ಬಿಳಿ ನೂಲಿನಲ್ಲಿ ಹೊಲಿಸಿದ್ದಾ ಅಂತ ಕೇಳಿದಳು. ನನಗೂ ಈಗ ಆ ಗೆರೆಗಳೇ ಇಷ್ಟ.

ಅಕ್ಕ ವೇಷ್ಟಿಯನ್ನು ಕಂಪೌಂಡಿನ ಮೇಲೆ ಹರಡಿ ಕಲೆ ಎಣಿಸಿದರು. ಸಣ್ಣದು ದೊಡ್ಡದು ಸೇರಿ 23. “ಇದು ಇಷ್ಟು ವರ್ಷವಾದ್ರೂ ಹೋಗ್ಲಿಲ್ಲ ಅಂದ್ರೆ ಇದೇ ಒಳ್ಳೆ ಬಣ್ಣ ಅಲ್ವಾ ಟೀಚರೆ?” ಅಂದರು.

ಎಷ್ಟು ಸರಿಯಾದ ಮಾತು! ಬಾಳೆ, ಗೇರು, ಅಡಿಕೆ, ನಮ್ಮ ಹಿತ್ತಿಲಿನ ಅರ್ಧ ಗಿಡಮರಗಳಲ್ಲಿ ಇರುವುದು ಒಗರು. ನಾಲಿಗೆಯನ್ನು ಹಿಡಿಯುವ ಆ ಒಗರೇ ಬಟ್ಟೆಯನ್ನೂ ಹಿಡಿಯುತ್ತದೆ. ನೈಲಾನ್ ಬಲೆ ಬರುವ ಮೊದಲು ಕಡಲ ಕರೆಯ ಮೀನುಗಾರರು ಹತ್ತಿ ನೂಲಿನ ಬಲೆಯನ್ನು ಮರದ ತೊಗಟೆಯ ಒಗರಿನಲ್ಲಿ ಅದ್ದುತ್ತಿದ್ದರು. ಉಪ್ಪುನೀರಿನಲ್ಲಿ ಬಲೆ ಬೇಗ ಕೊಳೆಯಬಾರದಲ್ಲ, ಅದಕ್ಕೆ. ಮಲೆನಾಡಿನಲ್ಲಿ ಹಸಿ ಅಡಿಕೆ ಬೇಯಿಸಿದ ಚೊಗರು ಇದೆ. ಹೆಗ್ಗೋಡಿನ ಹತ್ತಿರ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ ಚರಕ ಸಂಸ್ಥೆಯವರು ಅದರಿಂದ ಕೈಮಗ್ಗದ ಬಟ್ಟೆಗೆ ಎಂಥ ಸೊಗಸಾದ ಕಂದುಗೆಂಪು ತರುತ್ತಾರೆ! ನಮ್ಮ ಜಿಲ್ಲೆಯಲ್ಲಿ ಅಡಿಕೆ ಬೇಯಿಸುವ ರೂಢಿ ಕಡಿಮೆ, ಬಿಸಿಲಿಗೆ ಒಣಗಿಸಿ ಚಾಲಿ ಮಾಡುವವರೇ ಹೆಚ್ಚು. ಇಷ್ಟು ಅಡಿಕೆ ಬೆಳೆದರೂ ಚೊಗರು ಬೇಕಾದರೆ ಘಟ್ಟ ಹತ್ತಬೇಕು. ಅದೊಂದು ನನಗೆ ಬೇಸರ.

“ಗೇರಿನ ಸುದ್ದಿ ಬಂತಲ್ಲ, ಬಲ್ಮಠದ ಕಥೆ ಗೊತ್ತುಂಟಾ ಅಕ್ಕ ನಿಮಗೆ?” ಅಂದೆ.

ಗೊತ್ತಿರಲಿಲ್ಲ. ಮಂಗಳೂರಿನ ಹೆಚ್ಚಿನವರಿಗೆ ಗೊತ್ತಿಲ್ಲ. ದಿನಾ ಬಸ್ಸಿನಲ್ಲಿ ಬಲ್ಮಠ ದಾಟಿ ಹೋಗುತ್ತೇವೆ ಅಷ್ಟೆ. ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೆಂಚು, ಅಚ್ಚುಕೂಟ ನಮಗೆಲ್ಲ ನೆನಪಿದೆ. ನೇಯ್ಗೆ ಅದಕ್ಕಿಂತ ಹೆಚ್ಚೇ ನೆನಪಿರಬೇಕಿತ್ತು. ಬಲ್ಮಠದಲ್ಲಿ ಅವರ ನೇಯ್ಗೆ ಕಾರ್ಖಾನೆ ಇತ್ತು. 1851ರಲ್ಲಿ ಜಾನ್ ಹಾಲರ್ ಎಂಬ ನೇಯ್ಗೆಯ ಕಸುಬುದಾರ ಯುರೋಪಿನಿಂದ ಬಂದು ಅದನ್ನು ವಹಿಸಿಕೊಂಡ, ಹೊಸ ಮಾದರಿಯ ಮಗ್ಗ ತಂದ, ಬಣ್ಣದ ಕೆಲಸಕ್ಕೂ ಕೈಹಾಕಿದ. ಅವನು ತೊಗಟೆಯ ಒಗರಿನಿಂದ ತೆಗೆದ ಮಣ್ಣಿನ ಬಣ್ಣವೇ ಖಾಕಿ ಎಂದು ನಮ್ಮ ಊರಿನಲ್ಲಿ ಹೇಳುತ್ತಾ ಬಂದಿದ್ದಾರೆ, ಗೇರುಮರದ ತೊಗಟೆ ಎಂದೂ ಹೇಳುತ್ತಾರೆ. ಧೂಳಿನ ಬಣ್ಣದ ಸಮವಸ್ತ್ರ 1840ರ ದಶಕದಲ್ಲೇ ಪೇಶಾವರದ ಕಡೆ ಬ್ರಿಟಿಷ್ ಅಧಿಕಾರಿ ಲಮ್ಸ್‌ಡನ್ ಕಟ್ಟಿದ ಗೈಡ್ಸ್ ಪಡೆಯಲ್ಲಿ ಇತ್ತು. ಪಾರ್ಸಿಯಲ್ಲಿ ಖಾಕ್ ಎಂದರೆ ಧೂಳು, ಮಣ್ಣು. ಹಾಗಾಗಿ ಖಾಕಿ ಹುಟ್ಟಿದ್ದೇ ಇಲ್ಲಿ ಎಂದು ನಾನು ಹಟ ಹಿಡಿಯುವುದಿಲ್ಲ. ಆದರೆ ಬಲ್ಮಠದ ಗುಡ್ಡದ ಮೇಲೆ ಬಣ್ಣದ ಹಂಡೆಗಳು ಕುದಿಯುತ್ತಿದ್ದವು, ನಮ್ಮೂರಿನವರ ಕೈಗಳು ಅದರಲ್ಲಿ ಬಟ್ಟೆ ಅದ್ದಿ ತೆಗೆಯುತ್ತಿದ್ದವು. ಅದು ಮರೆತುಹೋಗಬಾರದು.

ಅಕ್ಕನಿಗೆ ಈ ಕಥೆ ತಟ್ಟಿತು. ಅವರ ಯಜಮಾನರು ಬಸ್ಸಿನ ಡ್ರೈವರ್ ಆಗಿದ್ದವರು, ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್ ಕಡೆ ಓಡುವ ಸಿಟಿ ಬಸ್. ತೀರಿಕೊಂಡು ಆರು ವರ್ಷ ಆಯಿತು. “ಇವರು ಇಡೀ ಜೀವನ ಹಾಕಿದ್ದು ಅದನ್ನೇ” ಅಂದರು. “ನಮ್ಮೂರಿನ ಬಣ್ಣ ಅಂತ ಯಾರೂ ಹೇಳ್ಲಿಲ್ಲ.” ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಮಲ್ಲಿಗೆಯ ಚೆಂಡು ಮುಗಿಸಿ ಒದ್ದೆ ಬಟ್ಟೆ ಮುಚ್ಚಿ ಬದಿಗಿಟ್ಟರು.

ಇನ್ನು ಕಟ್ಟುವ ಕೆಲಸ. ನಾನು ರಬ್ಬರ್ ಬ್ಯಾಂಡ್ ತರಲು ಹೊರಟೆ. ಅಕ್ಕ ಬಾಳೆನಾರು ಎತ್ತಿದರು. ಸರಿ ಆಗ್ತದಾ ಅಂತ ನನಗೂ ಸಂಶಯ ಇತ್ತು. ಯೋಚಿಸಿದರೆ ಅದರಲ್ಲಿ ಹೊಸತೇನೂ ಇಲ್ಲ. ನೈಜೀರಿಯದ ಯೊರುಬಾ ಹೆಂಗಸರು ನೀಲಿಯಲ್ಲಿ ಅದ್ದುವ ಬಟ್ಟೆಗೆ ಆದಿರೆ ಎನ್ನುತ್ತಾರೆ. ಅದರಲ್ಲಿ ಆದಿರೆ ಓನಿಕೊ ಎಂಬ ಬಗೆಗೆ ಗಂಟು ಬಿಗಿಯುವುದು ತಾಳೆಯ ಜಾತಿಯ ರಾಫಿಯ ಮರದ ನಾರಿನಲ್ಲಿ. ಗುಜರಾತಿನ ಬಾಂಧಣಿಗೆ, ಮಧುರೆಯ ಸುಂಗುಡಿಗೆ ಹತ್ತಿಯ ನೂಲು. ಗುಜರಾತಿನ ಕಡೆಯಿಂದ ಮಧುರೆಗೆ ಬಂದು ನೆಲೆಸಿದ ಸೌರಾಷ್ಟ್ರ ಸಮುದಾಯದ ಹೆಂಗಸರು ಸೀರೆಯ ತುಂಬ ಅಕ್ಕಿಕಾಳಿನಷ್ಟು ಗಂಟು ಹಾಕುತ್ತಾರೆ. ಗಂಟು ಬಿಚ್ಚಿದ ಜಾಗದಲ್ಲೆಲ್ಲ ಒಂದೊಂದು ಚುಕ್ಕಿ. ನಮ್ಮ ಅಮ್ಮನ ಹತ್ತಿರ ಒಂದು ಸುಂಗುಡಿ ಇತ್ತು, ಕೈಯಲ್ಲಿ ಹಿಡಿದರೆ ಆ ಚುಕ್ಕಿಗಳು ಸಣ್ಣಗೆ ಉಬ್ಬಿಕೊಂಡು ಬೆರಳಿಗೆ ತಾಗುತ್ತಿದ್ದವು. ಏಳನೆಯ ಶತಮಾನದ ಬಾಣಭಟ್ಟನ ಹರ್ಷಚರಿತದಲ್ಲಿ ಹರ್ಷನ ತಂಗಿ ರಾಜ್ಯಶ್ರೀಯ ಮದುವೆಯ ಸಡಗರದ ನಡುವೆಯೂ ಹೀಗೆ ಕಟ್ಟಿ ಬಣ್ಣ ಹಾಕಿದ ಬಟ್ಟೆ ಬರುತ್ತದೆ. ಅಷ್ಟು ಹಿಂದಿನಿಂದ ಮದುವೆಮನೆಯಲ್ಲಿ ಹೆಂಗಸರು ಕೂತು ಮಾತಾಡುತ್ತಾ ಗಂಟು ಕಟ್ಟಿದ್ದಾರೆ ಎಂದು ನೆನೆದರೆ ನನಗೆ ಮೈ ಜುಂ ಎನ್ನುತ್ತದೆ.

ಕಲೆಯಿರುವ ಜಾಗವನ್ನು ಬಿಟ್ಟು ಬೇರೆ ಕಡೆ ಗಂಟು ಕಟ್ಟುವುದು, ಕಲೆ ಬಣ್ಣದಲ್ಲಿ ಮುಚ್ಚಿ ಹೋಗಲಿ ಎಂಬುದು ನನ್ನ ಲೆಕ್ಕ. ಅಕ್ಕ ಉಲ್ಟಾ ಮಾಡಿದರು. ಒಂದು ಕಲೆಯನ್ನು ನಡುಬೆರಳ ತುದಿಯಲ್ಲಿ ಎತ್ತಿ, ಸುತ್ತಲಿನ ಬಟ್ಟೆಯನ್ನು ನಿರಿಗೆಯಾಗಿ ಕೆಳಗೆ ಎಳೆದು, ಬುಡಕ್ಕೆ ನಾರು ಸುತ್ತಿದರು. ಎರಡು ಸುತ್ತು ಕೆಳಗೆ, ಮೂರನೆಯದು ಮೇಲಕ್ಕೆ, ತುದಿಯನ್ನು ಒಳಗೆ ತೂರಿಸಿ ಒಂದು ಜಗ್ಗು. ಮಲ್ಲಿಗೆಗೆ ಹಾಕುವ ಗಂಟೇ ಅದು. ಒದ್ದೆ ನಾರು ಬಿಗಿಯಾಗಿ ಕೂತಿತು.

“ಕಲೆಯನ್ನೇ ಕಟ್ಟಿದ್ರಿ ಅಕ್ಕ! ಅಲ್ಲಿಗೆ ಬಣ್ಣ ಹೋಗುದಿಲ್ಲ. ಕಲೆ ಹಾಗೇ ಉಳೀತದೆ.”

“ಉಳೀಲಿ. ಅಪ್ಪಂದು ಅಲ್ವಾ?”

ನಾನು ಬಾಯಿ ಮುಚ್ಚಿದೆ. ಇಷ್ಟು ದಿನ ಬಣ್ಣ ಎಲ್ಲಿ ಹೋಗಬೇಕು ಎಂದೇ ತಲೆ ಓಡಿಸುತ್ತಿದ್ದವಳು ನಾನು. ಬಣ್ಣ ಎಲ್ಲಿಗೆ ಹೋಗಬಾರದು ಎಂದು ನೋಡುವುದೇ ಈ ಕೆಲಸದ ಗುಟ್ಟು ಎಂದು ಅಕ್ಕನ ಬೆರಳಿಗೆ ಗೊತ್ತಿತ್ತು. ಹನ್ನೊಂದು ಗಂಟು ನಾನು ಹಾಕಿದೆ, ಹನ್ನೆರಡು ಅವರು. ನನ್ನದು ಹಾಕಿ ಮುಗಿಯುವಷ್ಟರಲ್ಲಿ ಅವರು ಇನ್ನೊಂದು ಬದಿಯಲ್ಲಿ ಮೊಮ್ಮಗನಿಗೆ ಬೈದು, ಮೀನಿನವನ ಹತ್ತಿರ ಬಂಗುಡೆಯ ಕ್ರಯ ವಿಚಾರಿಸಿಯೂ ಬಂದಿದ್ದರು.

ಬಣ್ಣದ ವಿಷಯದಲ್ಲಿ ಒಂದೆರಡು ಮಾತು ಹೇಳಲೇಬೇಕು. ಕುದಿಸಿ ಹಾಕುವ ಪೊಟ್ಟಣದ ಬಣ್ಣ ಅಗ್ಗ, ಆದರೆ ಒಗೆದ ಹಾಗೆ ತೆಳ್ಳಗಾಗುತ್ತದೆ. ನಾನೀಗ ತರುವುದು ತಣ್ಣೀರಿನಲ್ಲಿ ಹಿಡಿಯುವ ರಿಯಾಕ್ಟಿವ್ ಬಣ್ಣ. ಬ್ರಿಟನ್ನಿನ ಐಸಿಐ ಕಂಪೆನಿಯವರು 1956ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಜಾತಿಯದು. ಇದು ಹತ್ತಿಯ ಎಳೆಯ ಮೇಲೆ ಮೆತ್ತಿಕೊಳ್ಳುವುದಲ್ಲ, ಎಳೆಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಆ ಬೆಸುಗೆಗೆ ಸೋಡಾ ಬೇಕು. ಅಡುಗೆ ಸೋಡಾ ಅಲ್ಲ, ಸೋಡಾ ಆಷ್. ಲೀಟರ್ ನೀರಿಗೆ ಸುಮಾರು 60 ಗ್ರಾಮ್ ಕರಗಿಸಿ ಬಟ್ಟೆಯನ್ನು ಕಾಲು ಗಂಟೆ ನೆನೆಸಿ ಹಿಂಡಬೇಕು. ಅದಕ್ಕೂ ಮೊದಲು ಗಂಜಿ ಬಿಡಿಸಬೇಕು. ಅಮ್ಮ ತೆಳಿ ಹಾಕಿ ಕಡ್ಡಿಯ ಹಾಗೆ ನಿಲ್ಲಿಸುತ್ತಿದ್ದ ವೇಷ್ಟಿ ಇದು. ಬಿಸಿನೀರಿನಲ್ಲಿ ಎರಡು ಸಲ ಸಾಬೂನು ಹಾಕಿ ತೊಳೆದೇ ಗಂಟಿಗೆ ಕೂತದ್ದು. ಗಂಜಿ ಉಳಿದಲ್ಲಿ ಬಣ್ಣ ಹತ್ತುವುದಿಲ್ಲ. ಜಪಾನಿನಲ್ಲಿ ಇದನ್ನೇ ಉಪಾಯ ಮಾಡಿಕೊಂಡು, ಬಣ್ಣ ಬೇಡದ ಕಡೆ ಅಕ್ಕಿಯ ಅಂಟು ಬಳಿಯುತ್ತಾರೆ.

ಬಣ್ಣ ಹಾಕಿದ ಬಟ್ಟೆ ಒದ್ದೆಯಾಗಿಯೇ ಇರಬೇಕು, ಬೆಚ್ಚಗೂ ಇರಬೇಕು. ಒಣಗಿತೋ, ಬೆಸುಗೆ ಅಲ್ಲಿಗೇ ನಿಂತಿತು. ಒಣ ಹವೆಯ ಊರಿನವರು, ಚಳಿಯ ಊರಿನವರು ಅದಕ್ಕಾಗಿ ಏನೆಲ್ಲ ಪಾಡು ಪಡುತ್ತಾರೆ! ಮೇ ತಿಂಗಳ ಮಂಗಳೂರಿನಲ್ಲಿ ಅದು ತಾನಾಗಿಯೇ ಇದೆ. ನಾವು ಬೆವರು ಒರೆಸಿಕೊಂಡು ಬೈಯುವ ಈ ಸೆಕೆ, ಬಟ್ಟೆಗೆ ಚುಕ್ಕಿ ಬೀಳಿಸುವ ಈ ತೇವ, ಎರಡೂ ಇಲ್ಲಿ ಉಪಕಾರಕ್ಕೆ ಬಂದವು. ಹಳೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿತ್ತಿಲ ಜಗಲಿಯಲ್ಲಿ ಒಂದು ದಿನ ಒಂದು ರಾತ್ರಿ ಇಟ್ಟೆ.

ಪುಡಿ ಬೆರೆಸುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಕೈಗೆ ಗ್ಲೌಸ್ ಹಾಕಿ, ಅಡುಗೆಯ ಪಾತ್ರೆ ಮುಟ್ಟಬೇಡಿ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಳಜಿ ಇರುವುದು ಮಿಕ್ಕ ನೀರಿನ ಬಗ್ಗೆ. ನಮ್ಮದು ಮುರಕಲ್ಲಿನ ನೆಲ, ಜರಡಿ ಇದ್ದ ಹಾಗೆ. ತುಂಬೆ ಅಣೆಕಟ್ಟಿನಿಂದ ನಳ್ಳಿ ನೀರು ಬಂದರೂ ಸುಮಾರು ಮನೆಗಳಲ್ಲಿ ಇವತ್ತಿಗೂ ಕುಡಿಯುವುದು ಬಾವಿಯ ನೀರು. ಅಂಗಳದಲ್ಲಿ ಚೆಲ್ಲಿದ್ದು ಬಾವಿಗೆ ಇಳಿಯದೆ ಎಲ್ಲಿಗೆ ಹೋಗುತ್ತದೆ? ನಮ್ಮ ಬಾವಿಗೆ ಇಳಿದದ್ದು ಆಚೆಮನೆಯ ಬಾವಿಗೂ ಹೋಗುತ್ತದೆ. ಬಣ್ಣ ಬೇಕಾದಷ್ಟೇ ಕಲಸಬೇಕು, ಮಿಕ್ಕದ್ದನ್ನು ಒಳಚರಂಡಿಯ ಬಚ್ಚಲಿಗೇ ಬಿಡಬೇಕು. ಅಕ್ಕ ಇದನ್ನು ನಾನು ಹೇಳುವ ಮೊದಲೇ ಕೇಳಿದ್ದರು, “ಬಾವಿಕಟ್ಟೆ ಹತ್ರ ಬೇಡ, ಆಯ್ತಾ?” ಅಂತ.

ಮರುದಿನ ಸಂಜೆ ತೊಳೆದೆ. ಮೊದಲು ತಣ್ಣೀರು, ಆಮೇಲೆ ಬಿಸಿನೀರು ಸಾಬೂನು, ಮತ್ತೆ ಬಿಸಿನೀರು. ಏಳನೆಯ ಬಕೆಟಿನ ನೀರು ತಿಳಿಯಾಯಿತು. ಗಂಟು ಬಿಚ್ಚುವುದನ್ನು ಮಾತ್ರ ಅಕ್ಕನಿಗಾಗಿ ಇಟ್ಟಿದ್ದೆ. ಕಂಪೌಂಡಿನ ಮೇಲೆ ವೇಷ್ಟಿ ಇಟ್ಟು ಆಚೆ ಒಬ್ಬರು ಈಚೆ ಒಬ್ಬರು ನಿಂತೆವು. ಅಕ್ಕ ನಾರಿನ ತುದಿ ಹಿಡಿದು ಎಳೆದರು. ಸುರ್ ಎಂದು ಬಿಚ್ಚಿಕೊಂಡಿತು, ಕತ್ತರಿ ಬೇಕಾಗಲಿಲ್ಲ. ನಿರಿಗೆಗಳು ನಿಧಾನ ಅರಳಿದವು. ಕಡುನೀಲಿಯ ನಡುವೆ ಬಿಳಿಯ ಒಂದು ಬಳೆ, ಅಂಚಿನಲ್ಲಿ ನೀಲಿ ಇಳಿದು ಎಸಳೆಸಳಾಗಿ ಹರಿದಿದೆ. ಆ ಬಿಳಿಯ ನಟ್ಟನಡುವೆ ಅಪ್ಪನ ಬಾಳೆ ಕಲೆ, ಹೂವಿನ ಒಳಗಿನ ಕುಸುಮದ ಹಾಗೆ ಕಂದು. ಇಂಥವು 23. ಹಸಿರು ಕರೆ ನೀಲಿಯೊಳಗೆ ಸೇರಿ ಕಡಲಿನ ಬಣ್ಣಕ್ಕೆ ಬಂದಿತ್ತು. ನಾನು ಹಾಕಿದ ಗಂಟುಗಳು ಎರಡು ಕಡೆ ಸಡಿಲಾಗಿ ಹೂವು ಒಂದು ಬದಿಗೆ ವಾಲಿದೆ. ಅದೂ ಚಂದವೇ. ಮಗಳು ಅರ್ಧ ದುಪ್ಪಟ್ಟಕ್ಕೆ ಬೇಕು ಅಂತ ಈಗಲೇ ಹೇಳಿಟ್ಟಿದ್ದಾಳೆ. ನನಗೆ ಕತ್ತರಿ ಹಾಕಲು ಇನ್ನೂ ಕೈ ಬಂದಿಲ್ಲ.

ಕತ್ತಲಾಗುತ್ತಾ ಬಂದಿತ್ತು. ಅಕ್ಕ ಒಳಗೆ ಹೋಗಿ ಒಂದು ಶರ್ಟು ಹಿಡಿದುಕೊಂಡು ಬಂದರು. ಖಾಕಿ. ಕಾಲರ್ ಸವೆದಿದೆ, ಜೇಬಿನ ಮೇಲೆ ಪೆನ್ನಿನ ಶಾಯಿಯ ಕಲೆ.

“ಇದು ಒಂದು ಉಂಟು. ಮಕ್ಕಳು ಹೇಳ್ತಾರೆ ಸುಮ್ಮನೆ ಯಾಕೆ ಇಟ್ಕೊಂಡದ್ದು ಅಂತ. ಇದಕ್ಕೂ ನೀಲಿ ಹಾಕಿದ್ರೆ ಮೊಮ್ಮಗ ಹಾಕ್ತಾನೇನೋ.” ಕೊಡುವಾಗ ಕೈ ಸ್ವಲ್ಪ ತಡೆಯಿತು.

ಅಂಚಿನಿಂದ ಒಂದು ಎಳೆ ಕಿತ್ತೆ. ದೇವರ ದೀಪದ ಬೆಂಕಿಪೊಟ್ಟಣ ಅಕ್ಕನ ಸೊಂಟದಲ್ಲೇ ಇತ್ತು. ಕಡ್ಡಿ ಗೀರಿ ಹಿಡಿದರೆ ಎಳೆ ಮುದುಡಿತು, ತುದಿಯಲ್ಲಿ ಎಳ್ಳಿನಷ್ಟು ಕಪ್ಪು ಮಣಿ. ಉಗುರಿಗೆ ಒತ್ತಿದೆ, ಒಡೆಯಲಿಲ್ಲ.

“ಟೆರಿಕಾಟ್ ಅಕ್ಕ. ಬಣ್ಣ ಸರಿಯಾಗಿ ಹಿಡಿಯುದಿಲ್ಲ.”

“ಹಿಡಿಯುದಿಲ್ವಾ?”

“ಇಲ್ಲ.”

ಅಕ್ಕ ಶರ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು. “ಒಳ್ಳೇದಾಯ್ತು” ಅಂದರು. ಕಂಪೌಂಡಿನ ಮೇಲೆ ಹರಡಿ, ತೋಳುಗಳನ್ನು ಹಿಂದಕ್ಕೆ ಮಡಚಿ, ಕಾಲರನ್ನು ನೇರ ಮಾಡಿ, ಇಸ್ತ್ರಿಯವನು ಮಡಚುವ ಹಾಗೆ ಮಡಚಿದರು. ಕೆಳಗೆ ಬಿದ್ದಿದ್ದ ನೀಲಿ ನಾರುಗಳನ್ನೂ ಒಂದೊಂದಾಗಿ ಹೆಕ್ಕಿ ಸಣ್ಣ ಉಂಡೆ ಸುತ್ತಿ ಸೆರಗಿಗೆ ಕಟ್ಟಿಕೊಂಡು, ಶರ್ಟನ್ನು ಎರಡು ಕೈಯಲ್ಲಿ ಹಿಡಿದು ಒಳಗೆ ಹೋದರು.